ಕೈಕೆಲಸದಲ್ಲಿ ಪಳಗಿದ್ದ, ನಗಿಸುತ್ತಲೇ ಬದುಕಿದ ಅಪ್ಪನ ಬಗ್ಗೆ ಏನು ಬರೆಯಬೇಕು, ಹೇಗೆ ಬರೆಯಬೇಕು?

ಪ್ರಶ್ನೆ ಕೇಳಿದವರು: ಜಾಲಹಳ್ಳಿಯ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ತೀರಿಕೊಂಡು ಬರುವ ಶ್ರಾವಣಕ್ಕೆ ಒಂದು ವರ್ಷವಾಗುತ್ತದೆ. ವರ್ಷದ ಕಾರ್ಯದ ದಿನ ಬಂಧುಗಳಿಗೂ ನೆರೆಹೊರೆಯವರಿಗೂ ಕೊಡಲು ಅವರ ಬದುಕಿನ ಬಗ್ಗೆ ಒಂದು ಪುಟ್ಟ ಪುಸ್ತಿಕೆಯನ್ನು ಅಚ್ಚು ಹಾಕಿಸಬೇಕೆಂದು ನಾನೂ ನನ್ನ ತಮ್ಮನೂ ನಿಶ್ಚಯಿಸಿದ್ದೇವೆ. ಬರೆಯುವ ಹೊಣೆ ನನ್ನದು. ಆದರೆ ಬರೆಯಲು ಕುಳಿತಾಗಲೆಲ್ಲ ಹುಟ್ಟೂರು, ಓದು, ನೌಕರಿ, ಮದುವೆ, ಮಕ್ಕಳು, ನಿವೃತ್ತಿ ಎಂದು ಅರ್ಧ ಪುಟದಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಆ ಅರ್ಧ ಪುಟದಲ್ಲಿ ಅಪ್ಪ ಎಲ್ಲಿಯೂ ಕಾಣಿಸುವುದಿಲ್ಲ.

ಅವರು ತುಮಕೂರು ಜಿಲ್ಲೆಯ ಒಂದು ಹಳ್ಳಿಯಿಂದ ಬಂದವರು. ಐಟಿಐ ಮುಗಿಸಿ, 1970ರ ದಶಕದಲ್ಲಿ ಬೆಂಗಳೂರಿನ ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಗೆ ಸೇರಿ, ನಿವೃತ್ತರಾಗುವವರೆಗೂ ಕೈಗಡಿಯಾರಗಳ ಜೋಡಣೆ ಮತ್ತು ತಪಾಸಣೆಯ ಕೆಲಸದಲ್ಲಿಯೇ ಇದ್ದರು. ಸನ್ಮಾನ, ಪ್ರಶಸ್ತಿ, ಪತ್ರಿಕೆಯಲ್ಲಿ ಹೆಸರು ಇವು ಯಾವುವೂ ಅವರ ಪಾಲಿಗೆ ಬಂದಿರಲಿಲ್ಲ, ಅವರು ಬಯಸಿದವರೂ ಅಲ್ಲ. ಅವರನ್ನು ಬಲ್ಲವರು ಇಂದಿಗೂ ನೆನೆಯುವುದು ಎರಡು ಸಂಗತಿಗಳನ್ನು. ಒಂದು, ಅವರ ಕೈ. ಸಂಜೆ ಕಾರ್ಖಾನೆಯ ಬಸ್ಸಿನಿಂದ ಇಳಿದು ಅವರು ಮನೆ ತಲುಪುವಷ್ಟರಲ್ಲಿ ಬೀದಿಯ ಯಾರಾದರೊಬ್ಬರು ಕೆಟ್ಟ ಇಸ್ತ್ರಿಪೆಟ್ಟಿಗೆಯನ್ನೋ ಟೇಬಲ್ ಫ್ಯಾನನ್ನೋ ತಂದು ನಮ್ಮ ಜಗಲಿಯ ಮೇಲೆ ಕಾದು ಕುಳಿತಿರುತ್ತಿದ್ದರು. ಸೀಮೆಎಣ್ಣೆ ಸ್ಟೌವಿನ ನಿಪ್ಪಲ್ಲು, ಕುಕ್ಕರಿನ ಹಿಡಿ, ಸೋರುವ ನಲ್ಲಿ, ಮಕ್ಕಳ ಸೈಕಲ್ಲಿನ ಚೈನು, ದೇವರಮನೆಯ ಬಾಗಿಲಿನ ಕೀಲು, ಎಲ್ಲವೂ ಅವರ ಕೈಯಲ್ಲಿ ಸರಿಹೋಗುತ್ತಿದ್ದವು. ಹಣ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ಇನ್ನೊಂದು, ಅವರ ತಮಾಷೆ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿದ್ದರೂ, ತಿಂಗಳ ಕೊನೆಯಲ್ಲಿ ಅಕ್ಕಿಡಬ್ಬ ತಳ ಕಂಡಿದ್ದರೂ ಅವರು ಏನನ್ನಾದರೂ ಹೇಳಿ ಎಲ್ಲರ ಮುಖವನ್ನು ಸಡಿಲಗೊಳಿಸುತ್ತಿದ್ದರು. ಅವರ ಮಾತಿನಿಂದ ನೊಂದವರು ಯಾರೂ ಇಲ್ಲ.

ಅವರಿಗೆ ಕೆಲವು ವಿಚಿತ್ರವಾದ ಕಟ್ಟುನಿಟ್ಟುಗಳೂ ಇದ್ದವು. ಯಾವ ಯಂತ್ರವನ್ನು ಬಿಚ್ಚುವ ಮೊದಲೂ ನೆಲದ ಮೇಲೆ ಹಳೆಯ ಬಿಳಿ ಪಂಚೆಯ ತುಂಡನ್ನು ಹಾಸಬೇಕಿತ್ತು. ತೆಗೆದ ಸ್ಕ್ರೂಗಳನ್ನು ಒಂದೇ ಕಡೆ ಗುಡ್ಡೆ ಹಾಕದೆ, ಬಿಚ್ಚಿದ ಕ್ರಮದಲ್ಲಿಯೇ ಎಡದಿಂದ ಬಲಕ್ಕೆ ಸಾಲಾಗಿ ಇಡುತ್ತಿದ್ದರು. ನಾವು ಆ ಬಟ್ಟೆಯನ್ನು ದಾಟಿದರೆ ಮಾತ್ರ ಅವರಿಗೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು. ಕೈಗಡಿಯಾರವನ್ನು ರೇಡಿಯೋ ಮೇಲೆ ಇಡಲು ಯಾರಿಗೂ ಅವಕಾಶವಿರಲಿಲ್ಲ. ಎಚ್‌ಎಂಟಿಯ ಜನತಾ ಎಂಬ ತಮ್ಮ ಕೈಗಡಿಯಾರಕ್ಕೆ ಬೆಳಗಿನ ಕಾಫಿ ಮುಗಿದ ಕೂಡಲೇ ಕೀ ಕೊಡುತ್ತಿದ್ದರು, ಬೇರೆ ಹೊತ್ತಿನಲ್ಲಿ ಎಂದೂ ಕೊಟ್ಟವರಲ್ಲ.

ನಾನು ಕೇಳಬೇಕೆಂದಿರುವುದು ಇಷ್ಟು. ಕಾರ್ಖಾನೆಯೊಳಗೆ ಅವರು ಮಾಡುತ್ತಿದ್ದ ಕೆಲಸವನ್ನು ನಾನು ಕಣ್ಣಾರೆ ನೋಡಿಲ್ಲ. ನೋಡದ ಕೆಲಸದ ಬಗ್ಗೆ ಹೇಗೆ ಬರೆಯಲಿ? ಅವರ ತಮಾಷೆಯ ಮಾತುಗಳನ್ನು ಕಾಗದಕ್ಕೆ ಇಳಿಸಿದರೆ ಸಪ್ಪೆಯಾಗುತ್ತಿವೆ, ಏನು ಮಾಡಲಿ? ಅಲ್ಲದೆ, ಕಾರ್ಯದ ದಿನ ಹಂಚುವ ಪುಸ್ತಿಕೆಯಲ್ಲಿ ನಗೆಮಾತು ಶೋಭಿಸುವುದಿಲ್ಲವೆಂದು ನಮ್ಮ ದೊಡ್ಡಪ್ಪನವರು ಹೇಳುತ್ತಿದ್ದಾರೆ. ಅವರ ಮನಸ್ಸನ್ನು ನೋಯಿಸಲು ನನಗೆ ಇಷ್ಟವಿಲ್ಲ. ಆದರೆ ನಗು ಬಿಟ್ಟ ಅಪ್ಪ ನಮ್ಮ ಅಪ್ಪನಲ್ಲ.

ಉತ್ತರಿಸಿದವರು: ನಿವೃತ್ತ ಗಡಿಯಾರ ಕೆಲಸಗಾರ್ತಿ

ನಿಮ್ಮ ತಂದೆಯವರನ್ನು ನಾನು ಬಲ್ಲೆನೇ ಎಂದು ಹೇಳಲಾರೆ, ಆದರೆ ಅವರು ಕುಳಿತಿದ್ದಂಥ ಬೆಂಚಿನ ಮುಂದೆಯೇ ನನ್ನ ಯೌವನವೂ ಕಳೆದಿದೆ. ಜೋಡಣೆ ವಿಭಾಗದಲ್ಲಿ ನಾವು ಹೆಣ್ಣುಮಕ್ಕಳೂ ಬಹಳ ಮಂದಿ ಇದ್ದೆವು. ನೀವು ವಿಚಿತ್ರವೆಂದು ಬರೆದಿರುವ ಅಭ್ಯಾಸಗಳನ್ನು ಓದಿ ನನಗೆ ಕಣ್ಣು ತುಂಬಿ ಬಂತು, ಏಕೆಂದರೆ ಅವುಗಳಲ್ಲಿ ಒಂದೂ ವಿಚಿತ್ರವಲ್ಲ. ಅವರ ಕೆಲಸವನ್ನು ನೀವು ನೋಡಿಲ್ಲವೆಂದು ತಿಳಿದಿದ್ದೀರಿ. ವಾಸ್ತವವಾಗಿ ಪ್ರತಿದಿನವೂ ಮನೆಯಲ್ಲಿ ಅದನ್ನೇ ನೋಡಿದ್ದೀರಿ.

ಬಿಳಿ ಬಟ್ಟೆಯಿಂದ ಆರಂಭಿಸುತ್ತೇನೆ. ಕೀ ಕೊಡುವ ಒಂದು ಸಾಧಾರಣ ಕೈಗಡಿಯಾರದಲ್ಲಿ ನೂರಕ್ಕೂ ಹೆಚ್ಚು ಬಿಡಿಭಾಗಗಳಿರುತ್ತವೆ. ಅದರ ಕೆಲವು ಸ್ಕ್ರೂಗಳು ಸಾಸಿವೆ ಕಾಳಿಗಿಂತ ಚಿಕ್ಕವು. ಚಿಮಟದ ಹಿಡಿತ ಸ್ವಲ್ಪ ಬಿಗಿಯಾದರೂ ಸಾಕು, ಚಿಮ್ಮಿ ಹೋಗಿಬಿಡುತ್ತವೆ, ಮತ್ತೆ ಸಿಗುವುದು ದುರ್ಲಭ. ಬಿಳಿಯ ಮೇಲೆ ಬಿದ್ದದ್ದು ಕಣ್ಣಿಗೆ ಕಾಣುತ್ತದೆ, ಬಟ್ಟೆಯ ಮೇಲೆ ಬಿದ್ದದ್ದು ಪುಟಿಯುವುದಿಲ್ಲ. ಬಿಚ್ಚಿದ ಕ್ರಮದಲ್ಲಿಯೇ ಸಾಲಾಗಿ ಇಡುವುದೂ ಇದೇ ಶಿಸ್ತು, ಏಕೆಂದರೆ ಒಂದೇ ಬಗೆಯದಾಗಿ ಕಾಣುವ ಎರಡು ಸ್ಕ್ರೂಗಳ ಉದ್ದದಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದು, ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಕೆಳಗಿನ ಚಕ್ರ ತಡೆದು ನಿಲ್ಲುತ್ತದೆ.

ರೇಡಿಯೋ ವಿಷಯ ಇನ್ನೂ ಸ್ವಾರಸ್ಯವಾದದ್ದು. ಗಡಿಯಾರದೊಳಗೆ ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರಕ್ಕೆ ಹೇರ್‌ಸ್ಪ್ರಿಂಗ್ ಎಂಬ ಬಹಳ ತೆಳುವಾದ ಸುರುಳಿ ಜೋಡಿಸಿರುತ್ತದೆ. ರೇಡಿಯೋದ ಸ್ಪೀಕರಿನೊಳಗೆ ಅಯಸ್ಕಾಂತವಿದೆ. ಗಡಿಯಾರವನ್ನು ಅದರ ಹತ್ತಿರ ಇಟ್ಟರೆ ಆ ಸುರುಳಿಗೆ ಕಾಂತಶಕ್ತಿ ಹಿಡಿದು, ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು, ಗಡಿಯಾರ ವಿಪರೀತ ಮುಂದೆ ಓಡತೊಡಗುತ್ತದೆ. ಅಂಥ ಗಡಿಯಾರವನ್ನು ಹಿಡಿದು ಬರುವ ನೆಂಟರನ್ನು ನಾವೆಲ್ಲ ಕಂಡಿದ್ದೇವೆ. ದಿನವೂ ಒಂದೇ ಹೊತ್ತಿಗೆ ಕೀ ಕೊಡುವುದಕ್ಕೂ ಕಾರಣವಿದೆ: ಗಡಿಯಾರವನ್ನು ನಡೆಸುವ ಮೇನ್‌ಸ್ಪ್ರಿಂಗ್ ಎಂಬ ಸುರುಳಿ ಪೂರ್ತಿ ಸಡಿಲವಾಗುವ ಮೊದಲೇ ಮತ್ತೆ ಬಿಗಿದರೆ ಚಕ್ರಗಳಿಗೆ ಸಿಗುವ ಬಲ ಹೆಚ್ಚುಕಡಿಮೆ ಒಂದೇ ಸಮನಾಗಿದ್ದು, ನಡಿಗೆ ಸರಿಯಾಗಿರುತ್ತದೆ.

ಇನ್ನು ತಪಾಸಣೆಯ ಕೆಲಸ. ಜನತಾ ಗಡಿಯಾರದ ಬ್ಯಾಲೆನ್ಸ್ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ ಬಡಿಯುತ್ತದೆ. ಗಡಿಯಾರವನ್ನು ಒಂದು ಯಂತ್ರದ ಮೇಲಿಟ್ಟರೆ ಅದು ಆ ಸದ್ದನ್ನು ಆಲಿಸಿ ಕಾಗದದ ಪಟ್ಟಿಯ ಮೇಲೆ ಚುಕ್ಕೆಗಳನ್ನು ಒತ್ತುತ್ತಾ ಹೋಗುತ್ತದೆ. ಚುಕ್ಕೆಗಳ ಸಾಲು ನೆಟ್ಟಗೆ ಬಂದರೆ ಗಡಿಯಾರ ಸರಿಯಾಗಿದೆ. ಓರೆಯಾದರೆ ಮುಂದೋ ಹಿಂದೋ ಓಡುತ್ತಿದೆ. ಚೆಲ್ಲಾಪಿಲ್ಲಿಯಾದರೆ ಒಳಗೆಲ್ಲೋ ದೂಳೋ ದೋಷವೋ ಇದೆ. ಮಲಗಿಸಿ ನೋಡಬೇಕು, ನಿಲ್ಲಿಸಿ ನೋಡಬೇಕು, ಓರೆಯಾಗಿಟ್ಟು ನೋಡಬೇಕು. ದಿನಕ್ಕೆ 86,400 ಸೆಕೆಂಡುಗಳಲ್ಲವೇ? ದಿನಕ್ಕೆ ಅರ್ಧ ನಿಮಿಷ ಮುಂದೆ ಹೋಗುವ ಗಡಿಯಾರವೆಂದರೆ ಸುಮಾರು ಮೂರು ಸಾವಿರದಲ್ಲಿ ಒಂದು ಪಾಲಿನ ತಪ್ಪು. ಅಷ್ಟನ್ನು ಹುಡುಕಿ, ಸೂಜಿಯ ಮೊನೆಯಷ್ಟು ತಿರುಗಿಸಿ ಸರಿಪಡಿಸುವ ಕೆಲಸವನ್ನು ನಿಮ್ಮ ತಂದೆಯವರು ದಶಕಗಳ ಕಾಲ ಮಾಡಿದ್ದಾರೆ. ಇದನ್ನು ಬರೆಯಿರಿ. ಪ್ರಶಸ್ತಿ ಪಡೆಯಲಿಲ್ಲವೆಂಬ ವಾಕ್ಯದ ಅಗತ್ಯವೇ ಬರುವುದಿಲ್ಲ.

ಮೊಮ್ಮಕ್ಕಳಿಗಾಗಿ ಕಾರ್ಖಾನೆಯ ಬಗ್ಗೆ ಒಂದು ಪ್ಯಾರಾ ಸಾಕು. 1953ರಲ್ಲಿ ಎಚ್‌ಎಂಟಿ ಹುಟ್ಟಿದ್ದು ಯಂತ್ರಗಳನ್ನು ತಯಾರಿಸುವ ಯಂತ್ರಗಳಿಗಾಗಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಗಡಿಯಾರದ ಕೆಲಸ ಆರಂಭವಾಯಿತು. ಜನತಾ, ಪೈಲಟ್, ಕೊಹಿನೂರ್, ಕಾಂಚನ್ ಮುಂತಾದವು ಮದುವೆಯಲ್ಲಿ ಅಳಿಯನಿಗೆ, ಪರೀಕ್ಷೆ ಪಾಸಾದ ಮಗನಿಗೆ, ಮೊದಲ ಸಂಬಳ ತಂದ ಮಗಳಿಗೆ ಕೊಡುವ ಉಡುಗೊರೆಗಳಾಗಿದ್ದವು. ಆಮೇಲೆ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರಗಳು ಬಂದವು, ಪೇಟೆ ಬದಲಾಯಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು. ಇದಕ್ಕಿಂತ ಹೆಚ್ಚು ಬರೆದರೆ ಪುಸ್ತಿಕೆ ಕಾರ್ಖಾನೆಯದಾಗುತ್ತದೆ, ನಿಮ್ಮ ತಂದೆಯವರದಾಗಿ ಉಳಿಯುವುದಿಲ್ಲ.

ಸೇರಿದ ವರ್ಷ, ನಿವೃತ್ತಿಯ ವರ್ಷಗಳನ್ನು ನೆನಪಿನಿಂದ ಬರೆಯಬೇಡಿ. ನೇಮಕಾತಿ ಪತ್ರ, ಭವಿಷ್ಯನಿಧಿಯ ಕಾಗದ, ಎಲ್‌ಐಸಿ ಬಾಂಡು ಇವುಗಳಲ್ಲಿ ಒಂದಾದರೂ ಟ್ರಂಕಿನಲ್ಲಿ ಇರುತ್ತದೆ. ಹುಟ್ಟಿದ ದಿನಾಂಕದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಆ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದ ತಾರೀಖೇ ಅಂಕಪಟ್ಟಿಗೂ ನೌಕರಿಗೂ ಬಂದಿರುವುದುಂಟು. ನಿಮ್ಮ ದೊಡ್ಡಪ್ಪನವರನ್ನು ಕೇಳಿದರೆ ಯಾವ ಹಬ್ಬದ ಆಸುಪಾಸು, ಯಾವ ಬರಗಾಲದ ವರ್ಷ ಎಂದು ನಿಜವಾದದ್ದನ್ನು ಹೇಳಿಯಾರು.

ಉತ್ತರಿಸಿದವರು: ಮಂಡ್ಯದ ಮೇಷ್ಟ್ರು

ಮೇಲಿನ ಉತ್ತರಕ್ಕೆ ನನ್ನದೊಂದು ಪುರವಣಿ. ಇತಿಹಾಸ ಪಾಠ ಹೇಳಿ ನಿವೃತ್ತನಾದವನು ನಾನು. ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಒಂದು ಕಲ್ಲಿನ ಬಗ್ಗೆ ನೀವು ಕೇಳಿರಬಹುದು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹತ್ತನೆಯ ಶತಮಾನದ್ದು. ಅದು ಕಾಳಿ ಎಂಬ ಬೇಟೆನಾಯಿಯ ನೆನಪಿಗಾಗಿ ನಿಲ್ಲಿಸಿದ ಕಲ್ಲು. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರ, ಬೇಕಾದ್ದನ್ನು ಕೇಳೆಂದು ಗಂಗರ ದೊರೆ ಬೂತುಗ ಹೇಳಿದಾಗ ಆ ನಾಯಿಯನ್ನು ಕೇಳಿ ಪಡೆದ. ಮುಂದೆ ಅದು ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಕಾದಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಆ ನಾಯಿ ಎಷ್ಟು ಒಳ್ಳೆಯದೆಂದು ಅಲ್ಲಿ ಬಣ್ಣಿಸಿಲ್ಲ. ಅದು ಏನು ಮಾಡಿತು, ಎಲ್ಲಿ ಮಾಡಿತು, ಯಾರು ಅದನ್ನು ಪ್ರೀತಿಸಿದರು ಎಂಬುದಷ್ಟೇ ಇದೆ. ಸಾವಿರ ವರ್ಷಗಳ ಮೇಲೂ ಓದಿದವರಿಗೆ ಆ ನಾಯಿ ಮರೆಯುವುದಿಲ್ಲ.

ನಾವು ಇಂದು ಹಂಚುವ ಪುಸ್ತಿಕೆಗಳಲ್ಲಿ ಹೀಗಿರುವುದಿಲ್ಲ. ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಅಜಾತಶತ್ರು, ತುಂಬಲಾರದ ನಷ್ಟ ಎಂದು ಎಲ್ಲರ ತಂದೆಯವರ ಬಗ್ಗೆಯೂ ಒಂದೇ ಬಗೆಯಲ್ಲಿ ಬರೆದಿರುತ್ತದೆ, ಫೋಟೋ ಬದಲಾಯಿಸಿದರೆ ಯಾರಿಗೆ ಬೇಕಾದರೂ ಹೊಂದುತ್ತದೆ. ಬರೆದವರ ದುಃಖ ಸುಳ್ಳೆಂದು ನಾನು ಹೇಳುತ್ತಿಲ್ಲ. ದುಃಖದಲ್ಲಿರುವಾಗ ಕೈಗೆ ಮೊದಲು ಸಿಗುವುದು ಈ ಮಾತುಗಳೇ. ಆದರೆ ನಿಮಗೆ ಇನ್ನೂ ಸಮಯವಿದೆ.

ಹೀಗೆ ಮಾಡಿ ನೋಡಿ. ನಿಮ್ಮ ಬೀದಿಯ ಮನೆಗಳಿಗೆ ಹೋಗಿ, ನಮ್ಮ ತಂದೆಯವರು ಹೇಗಿದ್ದರು ಎಂದು ಕೇಳಬೇಡಿ. ಹಾಗೆ ಕೇಳಿದರೆ ದೇವರಂಥ ಮನುಷ್ಯ ಎಂದು ಹೇಳಿ ಸುಮ್ಮನಾಗುತ್ತಾರೆ. ನಿಮ್ಮ ಮನೆಯಲ್ಲಿ ಅವರು ಯಾವುದನ್ನು ರಿಪೇರಿ ಮಾಡಿಕೊಟ್ಟಿದ್ದರು, ಅದು ಈಗಲೂ ಇದೆಯೇ, ಅದನ್ನು ಸ್ವಲ್ಪ ತೋರಿಸುತ್ತೀರಾ ಎಂದು ಕೇಳಿ. ವಸ್ತು ಕೈಗೆ ಬಂದ ಕೂಡಲೇ ನೆನಪು ತಾನಾಗಿ ಬಾಯಿಗೆ ಬರುತ್ತದೆ. ಆ ಕೆಲಸ ಮಾಡುವಾಗ ಅವರು ಏನು ಹೇಳಿದರು ಎಂಬುದೂ ಅದರ ಜೊತೆಗೇ ಬರುತ್ತದೆ. ತಮಾಷೆಯ ಮಾತು ಸಿಗುವುದು ಅಲ್ಲಿಯೇ. ಅನುಮತಿ ಪಡೆದು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಿ. ವಯಸ್ಸಾದವರ ಮನೆಗೆ ಮೊದಲು ಹೋಗಿ.

ಉತ್ತರಿಸಿದವರು: ಹಿರಿಯ ಸೊಸೆ

ಇಬ್ಬರು ಹಿರಿಯರೂ ಚೆನ್ನಾಗಿ ಹೇಳಿದ್ದಾರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೊಂದು. ನಿಮ್ಮ ಪ್ರಶ್ನೆಯಲ್ಲಿ ದೊಡ್ಡಪ್ಪ, ತಮ್ಮ, ಬೀದಿಯವರು ಎಲ್ಲರೂ ಬಂದಿದ್ದಾರೆ, ತಾಯಿಯವರು ಬಂದಿಲ್ಲ.

ನನ್ನ ಮಾವನವರೂ ಇದೇ ಬಗೆಯ ಮನುಷ್ಯರಾಗಿದ್ದರು. ಭಾನುವಾರ ಬೆಳಗ್ಗೆ ಪಂಪ್‌ಸೆಟ್ಟೊಂದನ್ನು ಬಿಚ್ಚಿ ಕುಳಿತರೆ ಊಟಕ್ಕೆ ಏಳುತ್ತಿದ್ದದ್ದು ಮೂರು ಗಂಟೆಗೆ. ಅತ್ತೆಯವರು ಅಲ್ಲಿಯವರೆಗೆ ತಾವೂ ಊಟ ಮಾಡದೆ ಕಾಯುತ್ತಿದ್ದರು. ಮಂಚದ ಕೆಳಗೆ, ಅಟ್ಟದ ಮೇಲೆ, ಸ್ನಾನದ ಮನೆಯ ಗೂಡಿನಲ್ಲಿ ಹಳೆಯ ತಂತಿ, ಬೇರಿಂಗು, ಅರ್ಧ ಮುರಿದ ಪ್ಲಗ್ಗುಗಳು. ಅವನ್ನೆಲ್ಲ ಸರಿಸಿ ಗುಡಿಸಿದವರು ಅವರು. ನಿಮ್ಮ ತಂದೆಯವರು ಯಾರಿಂದಲೂ ಹಣ ಪಡೆಯಲಿಲ್ಲವೆಂದು ಬರೆಯುವಾಗ, ಜಗಲಿಯ ಮೇಲೆ ಕಾದು ಕುಳಿತಿದ್ದವರಿಗೆಲ್ಲ ಕಾಫಿ ಮಾಡಿಕೊಟ್ಟವರು ಯಾರೆಂಬುದನ್ನೂ ದಯವಿಟ್ಟು ಬರೆಯಿರಿ. ಆ ಔದಾರ್ಯ ಇಬ್ಬರದೂ ಆಗಿತ್ತು. ತಾಯಿಯವರಿಗೆ ಮಾತನಾಡುವ ಚೈತನ್ಯವಿದ್ದರೆ, ತಂದೆಯವರ ಸಲಕರಣೆಯ ಪೆಟ್ಟಿಗೆಯನ್ನು ತಂದು ಮುಂದಿಟ್ಟುಕೊಂಡು, ಅವಸರ ಮಾಡದೆ ತಾಯಿಯವರ ಪಕ್ಕದಲ್ಲಿ ಕುಳಿತುಕೊಳ್ಳಿ.

ಮತ್ತೆ ಬರೆದವರು: ಜಾಲಹಳ್ಳಿಯ ಮಗಳು

ನಿಮ್ಮೆಲ್ಲರಿಗೂ ನಾನು ಋಣಿಯಾಗಿದ್ದೇನೆ. ಗಡಿಯಾರ ಕೆಲಸಗಾರ್ತಿ ಅಮ್ಮನವರು ಬರೆದದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ರೇಡಿಯೋ ವಿಷಯ ಕೇಳಿದ ತಮ್ಮ ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದ. ಅದೇ ಕಾರಣಕ್ಕೆ ಚಿಕ್ಕಂದಿನಲ್ಲಿ ಬೈಸಿಕೊಂಡವನು ಅವನು.

ಮೇಷ್ಟ್ರು ಹೇಳಿದಂತೆ ಎದುರುಮನೆಯಿಂದ ಆರಂಭಿಸಿದೆ. ಅಲ್ಲಿನ ಅಜ್ಜಿ ಹೇಳಿದ್ದನ್ನು ಹೀಗೆ ಬರೆದಿದ್ದೇನೆ, ಸರಿಯಾಗಿದೆಯೇ ನೋಡಿ:

“ಎದುರುಮನೆಯವರು ಹೊಸದಾಗಿ ಮಿಕ್ಸಿ ಕೊಂಡಿದ್ದರು. ಒಂದು ದಿನ ಅದು ತಿರುಗಲಿಲ್ಲ. ಮನೆಯಲ್ಲಿ ಗೊತ್ತಾದರೆ ಬೈಗುಳ ತಪ್ಪದೆಂದು ಹೆದರಿದ ಅವರು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಮನೆಗೆ ತಂದರು. ಅಪ್ಪ ಬಟ್ಟೆ ಹಾಸಿ, ಮಿಕ್ಸಿಯನ್ನು ಬೋರಲು ಹಾಕಿ, ತಳದಲ್ಲಿದ್ದ ಕೆಂಪು ಗುಂಡಿಯನ್ನು ಒತ್ತಿದರು. ಹೆಚ್ಚು ಭಾರ ಬಿದ್ದಾಗ ಮೋಟಾರು ಸುಟ್ಟುಹೋಗದಂತೆ ತಾನಾಗಿ ಕರೆಂಟನ್ನು ಕಡಿಯುವ ಗುಂಡಿ ಅದು. ಕೆಲಸ ಅಲ್ಲಿಗೆ ಮುಗಿದಿತ್ತು. ಆದರೂ ಅಪ್ಪ ಕೂಡಲೇ ಏಳದೆ ತಳದ ಸ್ಕ್ರೂಗಳನ್ನು ಬಿಚ್ಚಿ, ಒರೆಸಿ, ಮತ್ತೆ ಬಿಗಿದು, ಇದಕ್ಕೆ ಕಾಯಿಲೆಯೇನೂ ಇಲ್ಲವೆಂದೂ, ಉದ್ದಿನಬೇಳೆ ಜಾಸ್ತಿ ತಿಂದು ಅಜೀರ್ಣವಾಗಿದೆಯೆಂದೂ, ಎರಡು ದಿನ ಬರೀ ಚಟ್ನಿ ಕೊಟ್ಟರೆ ಸರಿಹೋಗುತ್ತದೆಯೆಂದೂ ಹೇಳಿ ಕಳುಹಿಸಿದರು. ಒಂದು ಗುಂಡಿ ಒತ್ತಿ ಹಿಂದಕ್ಕೆ ಕೊಟ್ಟಿದ್ದರೆ ನನಗೆ ನಾಚಿಕೆಯಾಗುತ್ತಿತ್ತು, ಅದಕ್ಕಾಗಿಯೇ ಅವರು ಅಷ್ಟು ಹೊತ್ತು ಬಿಚ್ಚಿ ಜೋಡಿಸಿದರು ಎಂದು ಅಜ್ಜಿ ಹೇಳಿದರು.”

ಇನ್ನು ಅಮ್ಮ. ಹಿರಿಯ ಸೊಸೆಯವರ ಮಾತನ್ನು ಓದಿದ ರಾತ್ರಿಯೇ ಪೆಟ್ಟಿಗೆಯನ್ನು ತಂದು ಅಮ್ಮನ ಮುಂದಿಟ್ಟೆ. ಮೊದಲು ಅವರು ಪೆಟ್ಟಿಗೆಯ ಬಗ್ಗೆ ದೂರಿದರು. ಇವೆಲ್ಲ ಯಾಕೆ ಬೇಕು ಎಂದು ಕೇಳಿದಾಗಲೆಲ್ಲ, ಇವು ಊಟ ಕೇಳುವುದಿಲ್ಲ, ಮೂಲೆಯಲ್ಲಿ ಇರಲಿ ಬಿಡು ಎಂದು ಅಪ್ಪ ಹೇಳುತ್ತಿದ್ದರಂತೆ. ಊಟ ಕೇಳುವುದಿಲ್ಲ, ಆದರೆ ಜಾಗ ಕೇಳುತ್ತವೆ ಎಂದು ಅಮ್ಮ ಉತ್ತರ ಕೊಡುತ್ತಿದ್ದರಂತೆ. ಆಮೇಲೆ ನಮಗೆ ಯಾರಿಗೂ ಗೊತ್ತಿಲ್ಲದ ಸಂಗತಿಯೊಂದನ್ನು ಹೇಳಿದರು. ಅಮ್ಮನ ಕಣ್ಣಿನ ಪೊರೆ ಬಲಿತು ಮಂಜಾಗಿದ್ದ ದಿನಗಳಲ್ಲಿ ಅಪ್ಪ ಗ್ಯಾಸ್ ಒಲೆಯ ತಿರುಪುಗಳ ಮೇಲೆ, ಸಿಮ್ ಆಗುವ ಜಾಗಕ್ಕೆ ಸರಿಯಾಗಿ, ಬೆರಳಿಗೆ ಸಿಗುವಂಥ ಉಬ್ಬು ಚುಕ್ಕೆಗಳನ್ನು ಅಂಟಿಸಿಕೊಟ್ಟಿದ್ದರು. ಮಾತ್ರೆ ಡಬ್ಬಿಯ ಮೇಲೆ ಬೆಳಗಿನದಕ್ಕೆ ಒಂದು ಚುಕ್ಕೆ, ರಾತ್ರಿಯದಕ್ಕೆ ಎರಡು. ಕಣ್ಣು ಕಾಣದವರಿಗಾಗಿ ಕಾರ್ಖಾನೆಯಲ್ಲಿ ಮಾಡುತ್ತಿದ್ದ ಬ್ರೈಲ್ ಗಡಿಯಾರವನ್ನು ನೋಡಿ ಕಲಿತದ್ದೆಂದು ಅಮ್ಮನಿಗೆ ಹೇಳಿದ್ದರಂತೆ. ಶಸ್ತ್ರಚಿಕಿತ್ಸೆಯಾಗಿ ಕಣ್ಣು ಸರಿಹೋದ ಮೇಲೆ ಅಮ್ಮ ಆ ಚುಕ್ಕೆಗಳನ್ನು ಕಿತ್ತುಹಾಕಲು ಹೋದಾಗ, ನಿನಗೆ ಸಿಟ್ಟು ಬಂದಾಗಲೂ ಕಣ್ಣು ಕಾಣುವುದಿಲ್ಲ, ಆಗ ಬೇಕಾಗುತ್ತದೆ, ಇರಲಿ ಎಂದರಂತೆ. ಹೇಳುತ್ತಾ ಅಮ್ಮ ಜೋರಾಗಿ ನಕ್ಕರು. ಅಪ್ಪ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಈಗ ಉಳಿದಿರುವುದು ದೊಡ್ಡಪ್ಪನವರ ಆಕ್ಷೇಪ. ಇಂಥ ಪ್ರಸಂಗಗಳನ್ನು ಕಾರ್ಯದ ದಿನ ಹಂಚಬಹುದೇ? ಇನ್ನೊಂದು ಅಳುಕು: ಬರೆದದ್ದನ್ನು ಓದಿದರೆ ಮಾತು ಅಪ್ಪನದಾಗಿ ಕೇಳಿಸುತ್ತಿಲ್ಲ.

ಉತ್ತರಿಸಿದವರು: ಮಂಡ್ಯದ ಮೇಷ್ಟ್ರು

ಖಂಡಿತವಾಗಿ ಹಂಚಬಹುದು. ದೊಡ್ಡಪ್ಪನವರು ಅಂಜುತ್ತಿರುವುದು ಅಗೌರವವಾದೀತೆಂದು. ನಗೆಹನಿಗಳೆಂದು ಪ್ರತ್ಯೇಕ ಪುಟ ಮಾಡಿದರೆ ಅವರ ಅಂಜಿಕೆ ನಿಜವಾಗುತ್ತದೆ. ಮಿಕ್ಸಿಯ ಪ್ರಸಂಗದಲ್ಲಿ ನಗು ಬಂದಿರುವುದು ಎದುರುಮನೆಯ ಹೆಣ್ಣುಮಗಳ ಮಾನ ಕಾಯುವುದಕ್ಕಾಗಿ. ಅದನ್ನು ಓದಿ ನಕ್ಕವರು ಯಾರೂ ನಿಮ್ಮ ತಂದೆಯವರನ್ನು ಹಗುರವಾಗಿ ಕಾಣುವುದಿಲ್ಲ. ಅಚ್ಚಿಗೆ ಕಳುಹಿಸುವ ಮೊದಲು ದೊಡ್ಡಪ್ಪನವರ ಎದುರು ಕುಳಿತು ನೀವೇ ಓದಿ ಹೇಳಿ. ನಿಮ್ಮ ತಂದೆಯವರ ಬಾಲ್ಯದ ಒಂದು ಪ್ರಸಂಗವನ್ನು ದೊಡ್ಡಪ್ಪನವರಿಂದಲೇ ಹೇಳಿಸಿ, ಪುಸ್ತಿಕೆಯ ಮೊದಲಲ್ಲಿ ಹಾಕಿ. ಅಣ್ಣನ ಮಾತು ಮೊದಲು ಬರುವುದು ಮರ್ಯಾದೆಯೂ ಹೌದು.

ಮಾತು ಅವರದಾಗಿ ಕೇಳಿಸದಿರಲು ಕಾರಣ, ನೀವು ಅದನ್ನು ಗ್ರಂಥದ ಭಾಷೆಗೆ ತಿರುಗಿಸಿ, ಎಂದೂ ಎಂದೂ ಎಂದು ಪೋಣಿಸಿದ್ದೀರಿ. ಪ್ರಸಂಗದ ನಿರೂಪಣೆ ನಿಮ್ಮ ಭಾಷೆಯಲ್ಲಿಯೇ ಇರಲಿ, ಅದು ಚೆನ್ನಾಗಿದೆ. ಅವರ ಬಾಯಿಯ ಮಾತು ಮಾತ್ರ ತುಮಕೂರು ಸೀಮೆಯದಾಗಿಯೇ ಬರಲಿ. “ಏನೂ ಕಾಯ್ಲೆ ಇಲ್ಲ ಕಣಮ್ಮ, ಉದ್ದಿನಬ್ಯಾಳೆ ಜಾಸ್ತಿ ತಿಂದು ಅಜೀರ್ಣ ಆಗೈತೆ ಅಷ್ಟೆ” ಎಂದೋ ಏನೋ ಅವರು ಹೇಳಿರಬೇಕು. ಅಜ್ಜಿಯ ಧ್ವನಿಮುದ್ರಣವನ್ನು ಮತ್ತೊಮ್ಮೆ ಕೇಳಿ, ಅಲ್ಲಿರುವಂತೆಯೇ ಬರೆದುಕೊಳ್ಳಿ, ತಿದ್ದಬೇಡಿ.

ಉತ್ತರಿಸಿದವರು: ನಿವೃತ್ತ ಗಡಿಯಾರ ಕೆಲಸಗಾರ್ತಿ

ಬ್ರೈಲ್ ಗಡಿಯಾರದ ಬಗ್ಗೆ ಒಂದೆರಡು ಮಾತು ಸೇರಿಸುತ್ತೇನೆ, ಪುಸ್ತಿಕೆಗೆ ಉಪಯೋಗವಾಗಬಹುದು. ಅದರ ಗಾಜಿನ ಮುಚ್ಚಳ ತೆರೆಯುವಂತಿರುತ್ತದೆ. ಅಂಕಿಗಳ ಜಾಗದಲ್ಲಿ ಉಬ್ಬು ಚುಕ್ಕೆಗಳಿದ್ದು, ಬೆರಳು ಸವರಿದರೂ ಸರಿಯದಷ್ಟು ಮುಳ್ಳುಗಳು ಗಟ್ಟಿಯಾಗಿರುತ್ತವೆ. ನಿಮ್ಮ ಅಮ್ಮನವರ ಒಲೆಯ ತಿರುಪಿನ ಮೇಲೆ ಆ ಚುಕ್ಕೆಗಳು ಇನ್ನೂ ಇದ್ದರೆ ಹತ್ತಿರದಿಂದ ಒಂದು ಚಿತ್ರ ತೆಗೆದು ಆ ಪುಟದಲ್ಲಿ ಹಾಕಿ.

ತಂದೆಯವರ ಜನತಾ ಗಡಿಯಾರದ ಒಳಗಿನ ಚಿತ್ರವನ್ನೂ ಹಾಕಬೇಕೆಂದು ನನ್ನ ಆಸೆ, ಏಕೆಂದರೆ ಅವರು ದಿನವೂ ಏನನ್ನು ನೋಡುತ್ತಿದ್ದರೆಂದು ಮೊಮ್ಮಕ್ಕಳಿಗೆ ಹೇಳಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆದರೆ ಹಿಂಬದಿಯ ಮುಚ್ಚಳವನ್ನು ಮನೆಯಲ್ಲಿ ಚಾಕುವಿನಿಂದ ಎಬ್ಬಬೇಡಿ. ಹಳೆಯ ಗಡಿಯಾರಗಳನ್ನು ಬಲ್ಲ ರಿಪೇರಿಯವರ ಬಳಿ ಒಯ್ದು, ಅವರು ತೆರೆದಾಗ ನಿಮ್ಮ ಎದುರಿಗೇ ಚಿತ್ರ ತೆಗೆಸಿಕೊಳ್ಳಿ. ಇಷ್ಟು ತಿಂಗಳು ನಿಂತಿದ್ದರಿಂದ ಒಳಗಿನ ಎಣ್ಣೆ ಗಟ್ಟಿಯಾಗಿರಬಹುದು. ಅದನ್ನು ತೊಳೆದು ಹೊಸ ಎಣ್ಣೆ ಹಾಕಿಸುವವರೆಗೆ ಅದಕ್ಕೆ ಕೀ ಕೊಡಬೇಡಿ.